ಲಾರಿ ಕ್ಯಾಬಿನ್ನಿಗೆ ಎಂಜಿನ್ ನೀರಿನ ಬಿಸಿ: ಹೀಟರ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಭೀಮಸಮುದ್ರದಲ್ಲಿ ಅಡಿಕೆ ಲೋಡ್ ಮಾಡಿಕೊಂಡು ಹೊರಟ ಲಾರಿಗೆ ಚಿತ್ರದುರ್ಗ ದಾಟುವಾಗ ಚಳಿಯ ಚಿಂತೆಯೇ ಇರುವುದಿಲ್ಲ. ಡಿಸೆಂಬರಿನಲ್ಲೂ ನಮ್ಮ ಕಡೆ ಬೆಳಗಿನ ಜಾವ ಒಂದು ಶಾಲು ಹೊದ್ದರೆ ಸಾಕು. ಅದೇ ಲಾರಿ ನಾಗಪುರ ದಾಟಿ ಝಾನ್ಸಿ, ಗ್ವಾಲಿಯರ್ ಕಡೆ ಹೋದಾಗ ಕಥೆ ಬೇರೆ. ಜನವರಿಯ ರಾತ್ರಿ ಅಲ್ಲಿ 5 ಡಿಗ್ರಿಗೆ ಇಳಿಯುವುದು ಮಾಮೂಲು. ಜೊತೆಗೆ ಮಂಜು. ಪೆಡಲ್ ಪಕ್ಕದ ಸಂದಿಯಿಂದ ಗಾಳಿ ನುಗ್ಗುತ್ತದೆ, ಕಾಲಿನ ಬೆರಳು ಮರಗಟ್ಟುತ್ತವೆ, ಗಾಜು ಒಳಗಿನಿಂದ ಮಸುಕಾಗುತ್ತದೆ.

ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಇಂಥ ಒಂದು ರಾತ್ರಿ ಢಾಬಾದಿಂದ ಒಂದು ತಗಡಿನ ಡಬ್ಬಿಯಲ್ಲಿ ಕೆಂಡ ತಂದು ಕ್ಯಾಬಿನ್ನಿನಲ್ಲಿ ಇಟ್ಟುಕೊಂಡೆವು. ಗಾಜು ಏರಿಸಿ ಮಲಗಿದೆವು. ನಡುರಾತ್ರಿ ಕ್ಲೀನರ್ ಹುಡುಗ ವಾಂತಿ ಮಾಡಿಕೊಂಡ. ಆ ಸದ್ದಿಗೆ ನನಗೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು, ಕೈಯಲ್ಲಿ ಬಾಗಿಲ ಹಿಡಿ ಎಳೆಯುವ ಶಕ್ತಿಯೂ ಇರಲಿಲ್ಲ. ಹೇಗೋ ಬಾಗಿಲು ತೆಗೆದು ಇಬ್ಬರೂ ಕೆಳಗೆ ಉರುಳಿದೆವು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅವನು ವಾಂತಿ ಮಾಡಿಕೊಳ್ಳದಿದ್ದರೆ ನಾವಿಬ್ಬರೂ ಬೆಳಗ್ಗೆ ಏಳುತ್ತಿರಲಿಲ್ಲ. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ. ಕ್ಯಾಬಿನ್ ಒಳಗೆ ಬೆಂಕಿ ಬೇಡ. ಕೆಂಡ, ಸೀಮೆಎಣ್ಣೆ ಸ್ಟೌ, ಸಣ್ಣ ಗ್ಯಾಸ್ ಒಲೆ ಯಾವುದೂ ಬೇಡ. ನಿಮ್ಮ ಕಾಲ ಬುಡದಲ್ಲೇ ಎಂಜಿನ್ ದಿನವಿಡೀ ಬಿಸಿಯನ್ನು ಸುಮ್ನೆ ಗಾಳಿಗೆ ಎಸೆಯುತ್ತಿದೆ. ಅದನ್ನೇ ಒಳಗೆ ತಂದುಕೊಳ್ಳೋಣ.

ಬಿಸಿ ಎಲ್ಲಿಂದ ಬರುತ್ತದೆ

ಡೀಸೆಲ್ ಸುಟ್ಟಾಗ ಹುಟ್ಟುವ ಶಕ್ತಿಯಲ್ಲಿ ಕೆಲಸಕ್ಕೆ ಸಿಗುವುದು ಮೂರರಲ್ಲಿ ಒಂದು ಪಾಲು, ಒಳ್ಳೆ ಎಂಜಿನ್ ಆದರೆ ಇನ್ನೂ ಸ್ವಲ್ಪ ಜಾಸ್ತಿ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲು ಕೂಲೆಂಟಿಗೆ, ಅಂದರೆ ಎಂಜಿನ್ನನ್ನು ತಣ್ಣಗಿಡಲು ಒಳಗೆ ಸುತ್ತುವ ನೀರಿಗೆ, ಇಳಿದು ರೇಡಿಯೇಟರಿನಿಂದ ಹೊರಬೀಳುತ್ತದೆ. ನಮಗೆ ಬೇಕಾಗಿರುವುದು ಈ ಎರಡನೆಯದರ ಸಣ್ಣ ತುಂಡು. ಹೀಟರ್ ಅಂದರೆ ಬೇರೇನಲ್ಲ, ಅಂಗೈ ಅಗಲದ ಇನ್ನೊಂದು ರೇಡಿಯೇಟರ್. ಅದರ ಹಿಂದೆ ಒಂದು ಫ್ಯಾನ್. ಎಂಜಿನ್ನಿನಿಂದ ಒಂದು ಪೈಪಿನಲ್ಲಿ ಬಿಸಿ ಕೂಲೆಂಟ್ ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಹೊಗೆಗೂ ಕ್ಯಾಬಿನ್ನಿಗೂ ಎಲ್ಲೂ ಸಂಬಂಧವಿಲ್ಲ.

ಲೆಕ್ಕವೂ ಸುಲಭ. ನಿಮಿಷಕ್ಕೆ 5 ಲೀಟರ್ ಕೂಲೆಂಟ್ ಹೀಟರಿನೊಳಗೆ ಹರಿದು, 10 ಡಿಗ್ರಿ ತಣ್ಣಗಾಗಿ ವಾಪಸ್ ಹೋದರೆ ಒಳಗೆ ಸುಮಾರು 3 ಕಿಲೋವ್ಯಾಟ್ ಬಿಸಿ ಸಿಗುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟಿನ ಗೀಸರಿಗಿಂತ ಒಂದೂವರೆ ಪಟ್ಟು. ಇಬ್ಬರು ಕೂರುವ ಕ್ಯಾಬಿನ್ನಿಗೆ 3ರಿಂದ 5 ಕಿಲೋವ್ಯಾಟ್ ಧಾರಾಳ. ಅದಕ್ಕಿಂತ ದೊಡ್ಡದು ಕೊಂಡರೆ ದುಡ್ಡು ದಂಡ.

ದೋಣಿಯಲ್ಲೇ ವಾಸಿಸುವ ತಂಪು ದೇಶದ ಜನ ತಮ್ಮ ದೋಣಿಯ ಕ್ಯಾಬಿನ್ನನ್ನು ಬೆಚ್ಚಗಿಡುವುದೂ ಇದೇ ದಾರಿಯಲ್ಲಿ. ಅವರಿಗೆ ಒಂದು ತೊಡಕು ಜಾಸ್ತಿ: ಕೆಲವು ದೋಣಿ ಎಂಜಿನ್ನುಗಳು ಸಮುದ್ರದ ನೀರನ್ನೇ ನೇರವಾಗಿ ಒಳಗೆಳೆದು ತಣ್ಣಗಾಗುತ್ತವೆ. ಉಪ್ಪುನೀರು ಹೀಟರಿನ ಕೊಳವೆಯನ್ನು ತಿಂದುಹಾಕುತ್ತದೆ. ಹಾಗಾಗಿ ಕೂಲೆಂಟ್ ಮುಚ್ಚಿದ ದಾರಿಯಲ್ಲಿ ಸುತ್ತುವ ಎಂಜಿನ್ ಇದ್ದರೆ ಮಾತ್ರ ಅವರು ಹೀಟರ್ ಕೂರಿಸುತ್ತಾರೆ. ನಮ್ಮ ಲಾರಿಗಳಲ್ಲಿ ಮುಚ್ಚಿದ ದಾರಿ ಇದ್ದೇ ಇದೆ. ಆದರೆ ದೋಣಿಯವರಿಗೂ ನಮಗೂ ಸಮನಾಗಿ ಕಾಡುವ ಇನ್ನೊಂದು ವಿಷಯವಿದೆ, ಹೀಟರಿನ ಎತ್ತರ. ಅದಕ್ಕೆ ಮುಂದೆ ಬರುತ್ತೇನೆ.

ಯಾವ ಗಾಡಿಗೆ ಮಾಡಬಹುದು

ಕಂಪನಿಯಿಂದ ಬರೀ ಚಾಸಿ ಬಂದು, ಊರಿನ ಬಾಡಿ ಬಿಲ್ಡಿಂಗ್ ಶೆಡ್ಡಿನಲ್ಲಿ ಕ್ಯಾಬಿನ್ ಕಟ್ಟಿಸಿಕೊಂಡ ಲಾರಿಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಹೀಟರ್ ಇಲ್ಲದ ಹಳೆಯ ಟೆಂಪೋ, ಜೀಪುಗಳಿಗೂ ಆಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಆದರೆ ರಸ್ತೆಯಲ್ಲಿ ಓಡುತ್ತಿರುವ ಹಳೆಯ ಗಾಡಿಗಳು ಇನ್ನೂ ಎಷ್ಟೋ ವರ್ಷ ಇರುತ್ತವೆ, ಅಲ್ವಾ? ಈ ಬರಹ ಆ ಗಾಡಿಗಳಿಗೆ.

ವಾರಂಟಿ ಇರುವ ಹೊಸ ಗಾಡಿಯ ಕೂಲೆಂಟ್ ಪೈಪಿಗೆ ಕತ್ತಿ ಹಾಕಬೇಡಿ. ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೀಟರ್ ಕಿಟ್ ಕೇಳಿ. ಗಾಳಿಯಿಂದಲೇ ತಣ್ಣಗಾಗುವ, ಅಂದರೆ ರೇಡಿಯೇಟರೇ ಇಲ್ಲದ ಎಂಜಿನ್ನಿಗೆ ಈ ವಿಧಾನ ನಡೆಯುವುದಿಲ್ಲ.

ಮೊದಲ ಹೆಜ್ಜೆ: ಎಂಜಿನ್ ಆರೋಗ್ಯವಾಗಿದೆಯೇ

ಹೀಟರ್ ತರುವ ಮೊದಲು ಥರ್ಮೋಸ್ಟಾಟ್ ವಾಲ್ವ್ ಜಾಗದಲ್ಲಿ ಇದೆಯೇ ನೋಡಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ನಮ್ಮ ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೇಸಿಗೆಯಲ್ಲಿ ಗಾಡಿ ಓವರ್ ಹೀಟ್ ಆಯಿತು ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತೆಸೆಯುವುದು ಹಳೆಯ ಚಾಳಿ. ನಾನು ಬಿಚ್ಚಿದ ಗಾಡಿಗಳಲ್ಲಿ ಎಷ್ಟೋ ಸಲ ಆ ಗೂಡು ಖಾಲಿ ಇರುವುದನ್ನು ಕಂಡಿದ್ದೇನೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಕೂಲೆಂಟ್ ಯಾವಾಗಲೂ ರೇಡಿಯೇಟರಿಗೇ ಓಡುತ್ತದೆ. ಚಳಿಗಾಲದ ರಾತ್ರಿ ಎಂಜಿನ್ ಬಿಸಿಯೇ ಆಗುವುದಿಲ್ಲ. ಎಂಥ ಒಳ್ಳೆ ಹೀಟರ್ ಹಾಕಿದರೂ ಉಗುರುಬೆಚ್ಚನೆಯ ಗಾಳಿಯಷ್ಟೇ ಬರುತ್ತದೆ. ತಣ್ಣನೆಯ ಎಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರ್, ಬೇಗ ಸವೆಯುತ್ತದೆ, ಆ ನಷ್ಟ ಬೇರೆ. ಓವರ್ ಹೀಟಿಗೆ ಕಾರಣ ಹೆಚ್ಚಾಗಿ ಕಟ್ಟಿಕೊಂಡ ರೇಡಿಯೇಟರ್, ಸಡಿಲ ಬೆಲ್ಟ್, ಕೆಟ್ಟ ಕ್ಯಾಪ್. ಅದನ್ನು ಸರಿಮಾಡದೆ ವಾಲ್ವಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮನೆಯಲ್ಲೇ ಒಂದು ಉಪಾಯವಿದೆ. ವಾಲ್ವಿನ ಬಾಯಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಬಿಡಿಸಿ ಒಂದು ನೂಲು ಸಿಕ್ಕಿಸಿ. ಬಾಯಿ ಮುಚ್ಚಿಕೊಂಡು ನೂಲನ್ನು ಕಚ್ಚಿಕೊಳ್ಳುತ್ತದೆ. ಆ ನೂಲು ಹಿಡಿದು ವಾಲ್ವನ್ನು ನೀರಿನ ಪಾತ್ರೆಯೊಳಗೆ ತೂಗುಬಿಟ್ಟು, ಒಲೆ ಹಚ್ಚಿ, ಥರ್ಮಾಮೀಟರ್ ಇಡಿ. ಬಾಯಿ ತೆರೆದ ಕ್ಷಣ ವಾಲ್ವ್ ನೂಲು ಬಿಟ್ಟು ತಳಕ್ಕೆ ಬೀಳುತ್ತದೆ. ಆಗಿನ ಬಿಸಿ ವಾಲ್ವಿನ ಮೇಲೆ ಅಚ್ಚು ಹಾಕಿರುವ ಸಂಖ್ಯೆಗೆ ಹತ್ತಿರ ಇರಬೇಕು. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಅದು 80 ಡಿಗ್ರಿಯ ಆಚೀಚೆ ಇರುತ್ತದೆ. ಅಡುಗೆಗೆ ಬಳಸುವ ಪಾತ್ರೆ ಮಾತ್ರ ತೆಗೆದುಕೊಳ್ಳಬೇಡಿ. ಕೂಲೆಂಟ್ ವಿಷ.

ಆಮೇಲೆ ನೀರು. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಎಲ್ಲರಿಗಿಂತ ಜಾಸ್ತಿ ಎಚ್ಚರ ವಹಿಸಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಅದೇ ಪದರ ಎಂಜಿನ್ ಒಳಗೂ ಕಟ್ಟುತ್ತದೆ. ದಾರಿಯಲ್ಲಿ ರೇಡಿಯೇಟರ್ ಇಳಿದಾಗ ತೊಟ್ಟಿಯ ನೀರು, ಟ್ಯಾಂಕಿನ ನೀರು ಸುರಿಯುತ್ತಾ ಬಂದ ಗಾಡಿಯಾದರೆ ಒಳಗೆ ತುಕ್ಕು ಮತ್ತು ಸುಣ್ಣದ ಕೆಸರು ಇದ್ದೇ ಇರುತ್ತದೆ. ದೊಡ್ಡ ರೇಡಿಯೇಟರ್ ಅದನ್ನು ಸ್ವಲ್ಪ ಕಾಲ ತಡೆದುಕೊಂಡೀತು. ಹೀಟರಿನ ಕೊಳವೆಗಳು ಸಣ್ಣ, ಒಳಗಿನ ಹರಿವೂ ನಿಧಾನ. ಕೆಸರು ಬಂದು ಮೊದಲು ಕೂರುವುದೇ ಅಲ್ಲಿ. ಹಾಗಾಗಿ ಹೀಟರ್ ಕೂರಿಸುವ ಮೊದಲು ಹಳೆ ನೀರು ಪೂರ್ತಿ ಇಳಿಸಿ, ಫ್ಲಶ್ ಮಾಡಿ. ರೇಡಿಯೇಟರನ್ನು ಬಿಚ್ಚಿ ರೇಡಿಯೇಟರ್ ಅಂಗಡಿಯವರ ಹತ್ತಿರ ಕೊಳವೆಗಳಿಗೆ ಸಲಾಕೆ ಹಾಕಿಸಿ ಕೆಸರು ತೆಗೆಸಿ. ಹೊರಬರುವ ನೀರು ತಿಳಿಯಾಗುವವರೆಗೆ ಬಿಡಬೇಡಿ.

ಎಂಜಿನ್ ಚಾಲೂ ಇರುವಾಗ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ, ಹೋಗಿರುವ ಅನುಮಾನ. ಅದನ್ನು ನೋಡಲು ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ನಿನ ಕ್ಯಾಪ್ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಗ್ಯಾಸ್ಕೆಟ್ ಹೋಗಿದ್ದರೆ ಅದರ ಕೆಲಸ ಮೊದಲು, ಹೀಟರ್ ಆಮೇಲೆ.

ಬೇಕಾಗುವ ಸಾಮಾನು

ಹೀಟರ್ ಪೆಟ್ಟಿಗೆಯನ್ನು ಫ್ಯಾನ್ ಸಮೇತ ಹೊಸದಾಗಿ ಕೊಳ್ಳಬಹುದು. ಗುಜರಿಯಲ್ಲಿ ಹಳೆ ಕಾರು, ಬಸ್ಸುಗಳದ್ದೂ ಸಿಗುತ್ತದೆ. ಗುಜರಿಯದಾದರೆ ಒಂದು ಬಾಯಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಇನ್ನೊಂದು ಬಾಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಸಾಮಾನ್ಯವಾಗಿ ಅದರ ಬಾಯಿ 16 ಮಿ.ಮೀ. ಇರುತ್ತದೆ. ಅದೇ ಅಳತೆಯ ಪೈಪು ತೆಗೆದುಕೊಳ್ಳಿ.

ಪೈಪಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕೂಲೆಂಟಿಗೆಂದೇ ಮಾಡಿದ, ಒಳಗೆ ದಾರ ಹೆಣೆದ, ಬಿಸಿ ತಡೆಯುವ ಇಪಿಡಿಎಂ ಎಂಬ ಜಾತಿಯ ರಬ್ಬರ್ ಹೋಸ್ ಬೇಕು. ತೋಟಕ್ಕೆ ನೀರು ಬಿಡುವ ಪೈಪು, ಡೀಸೆಲ್ ಪೈಪು, ಪಾರದರ್ಶಕ ಪ್ಲಾಸ್ಟಿಕ್ ಪೈಪು ನಡೆಯುವುದಿಲ್ಲ. ನಾನು ಮೊಟ್ಟಮೊದಲು ಕೂರಿಸಿದ ಹೀಟರಿಗೆ ಅಂಗಡಿಯಲ್ಲಿ ಸಿಕ್ಕ ಅಗ್ಗದ ಪೈಪು ಹಾಕಿದ್ದೆ. ಹೊಸಪೇಟೆ ದಾರಿಯಲ್ಲಿ ಏರು ಹತ್ತುವಾಗ ಅದು ಮೆತ್ತಗಾಗಿ ಕ್ಲಾಂಪಿನಿಂದ ಕಳಚಿಕೊಂಡಿತು. ಪಕ್ಕದಲ್ಲಿ ಕೂತಿದ್ದವನ ಪಾದದ ಮೇಲೆ ಕುದಿನೀರು ಬಿತ್ತು. ಆ ಬೊಬ್ಬೆಗಳು ವಾಸಿಯಾಗಲು ತಿಂಗಳು ಹಿಡಿಯಿತು. ತಪ್ಪು ನನ್ನದೇ. ಅಂದಿನಿಂದ ಪೈಪಿನ ಮೇಲಿನ ಅಚ್ಚು ಓದದೆ ನಾನು ದುಡ್ಡು ಕೊಡುವುದಿಲ್ಲ.

ಉಳಿದಂತೆ ಬೇಕಾಗುವುದು ಸ್ಟೀಲ್ ಹೋಸ್ ಕ್ಲಾಂಪ್, ಎರಡು ಹಿತ್ತಾಳೆ ಬಾಲ್ ವಾಲ್ವ್, ಪೈಪು ಸಿಕ್ಕಿಸುವ ಹಿತ್ತಾಳೆ ನಿಪ್ಪಲ್, ಮೂರು ಬಾಯಿಯ ಒಂದು ಟಿ ಜೋಡಣೆ, ತಗಡಿನ ತೂತಿಗೆ ಹಾಕುವ ರಬ್ಬರ್ ಬುಷ್, 2.5 ಚದರ ಮಿ.ಮೀ. ವೈರು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಫ್ಯೂಸ್ ಹೋಲ್ಡರ್. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಕೂಡ. ಸಾಧ್ಯವಾದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನೂ ತಂದು ಮಲಗುವ ಬರ್ತಿನ ಹತ್ತಿರ ಹಾಕಿ.

ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಬಿಡಬೇಕು

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ. ಬಿಸಿ ಕೂಲೆಂಟನ್ನು ಥರ್ಮೋಸ್ಟಾಟಿಗಿಂತ ಮೊದಲು, ಎಂಜಿನ್ ಬದಿಯಿಂದ ತೆಗೆಯಬೇಕು. ಆಗ ಥರ್ಮೋಸ್ಟಾಟ್ ಮುಚ್ಚಿರುವಾಗಲೂ ಹೀಟರಿಗೆ ಬಿಸಿ ಬರುತ್ತದೆ. ಥರ್ಮೋಸ್ಟಾಟ್ ದಾಟಿದ ಮೇಲಿನ ದೊಡ್ಡ ಪೈಪಿಗೆ ಟಿ ಹಾಕಿದರೆ ವಾಲ್ವ್ ತೆರೆಯುವವರೆಗೆ ಏನೂ ಬರುವುದಿಲ್ಲ. ಚಳಿಯಲ್ಲಿ ಅದು ತೆರೆಯುವುದೇ ಕಡಿಮೆ.

ವಾಪಸ್ ಪೈಪು ವಾಟರ್ ಪಂಪು ಎಳೆದುಕೊಳ್ಳುವ ಬದಿಗೆ ಹೋಗಬೇಕು. ಒಂದು ಕಡೆ ಪಂಪು ತಳ್ಳುತ್ತದೆ, ಇನ್ನೊಂದು ಕಡೆ ಅದೇ ಪಂಪು ಎಳೆಯುತ್ತದೆ. ಈ ತಳ್ಳಾಟ ಎಳೆದಾಟ ಇದ್ದರೆ ಮಾತ್ರ ಕೂಲೆಂಟ್ ಹೀಟರಿನೊಳಗೆ ಹರಿಯುತ್ತದೆ. ಎರಡೂ ಪೈಪನ್ನು ಮೇಲಿನ ಬದಿಗೇ ಹಾಕಿಬಿಟ್ಟ ಗಾಡಿಗಳು ನನ್ನ ಹತ್ತಿರ ಬಂದಿವೆ. ಅವುಗಳಲ್ಲಿ ಹೀಟರ್ ಸುಮ್ನೆ ಕೂತಿರುತ್ತದೆ.

ಹಲವು ಎಂಜಿನ್ನುಗಳಲ್ಲಿ ಸಿಲಿಂಡರ್ ಹೆಡ್ ಮೇಲೋ, ಥರ್ಮೋಸ್ಟಾಟ್ ಗೂಡಿನ ಪಕ್ಕದಲ್ಲೋ ಕಂಪನಿಯವರೇ ಹೀಟರಿಗೆಂದು ದಾರಿ ಬಿಟ್ಟು ಪ್ಲಗ್ ಹಾಕಿರುತ್ತಾರೆ. ವಾಟರ್ ಪಂಪಿನಲ್ಲೂ ಅಂಥ ಪ್ಲಗ್ ಇರಬಹುದು. ಮೊದಲು ಅವನ್ನು ಹುಡುಕಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೂಲೆಂಟ್ ಇಳಿಸಿ, ಪ್ಲಗ್ ಬಿಚ್ಚಿ. ಅದನ್ನೇ ಲೇತ್ ಅಂಗಡಿಗೆ ತೆಗೆದುಕೊಂಡು ಹೋದರೆ ಅದೇ ಥ್ರೆಡ್ಡಿನ ಹಿತ್ತಾಳೆ ನಿಪ್ಪಲ್ ಮಾಡಿಕೊಡುತ್ತಾರೆ. ಹರಿಹರ, ದಾವಣಗೆರೆಯ ಕಡೆಯವರಿಗೆ ಇದು ಚಿಂತೆಯೇ ಅಲ್ಲ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ನೆಲ ಅದು, ಒಳ್ಳೆಯ ಟರ್ನರ್‌ಗಳಿಗೆ ಬರವಿಲ್ಲ. ಥ್ರೆಡ್ಡನ್ನು ಅಂದಾಜಿನಲ್ಲಿ ಮಾಡಿಸಿ ಬಲವಂತವಾಗಿ ತಿರುಗಿಸಬೇಡಿ. ಹೆಡ್ಡಿನ ಥ್ರೆಡ್ ಹಾಳಾದರೆ ಖರ್ಚು ಹತ್ತು ಪಟ್ಟು.

ಪಂಪಿನಲ್ಲಿ ಜಾಗ ಸಿಗದಿದ್ದರೆ ರೇಡಿಯೇಟರಿನ ಕೆಳಗಿನಿಂದ ಪಂಪಿಗೆ ಬರುವ ದೊಡ್ಡ ಪೈಪಿಗೆ ಟಿ ಹಾಕಿ ವಾಪಸ್ ಬಿಡಬಹುದು. ಟೆಂಪರೇಚರ್ ಸೆನ್ಸರ್ ಇರುವ ತೂತನ್ನು ಮಾತ್ರ ಮುಟ್ಟಬೇಡಿ. ಸೆನ್ಸರ್ ಜಾಗ ಬದಲಾದರೆ ಮೀಟರ್ ಸುಳ್ಳು ಹೇಳುತ್ತದೆ, ಎಂಜಿನ್ ಸುಟ್ಟ ಮೇಲೆ ಗೊತ್ತಾಗುತ್ತದೆ.

ಎರಡು ಬಾಲ್ ವಾಲ್ವುಗಳನ್ನೂ ಎಂಜಿನ್ ಹತ್ತಿರವೇ, ಹೋಗುವ ಪೈಪಿಗೊಂದು ಬರುವ ಪೈಪಿಗೊಂದು ಹಾಕಿ. ಕೈಗೆ ಸುಲಭವಾಗಿ ಸಿಗುವ ಜಾಗ ಇರಲಿ. ನಡುದಾರಿಯಲ್ಲಿ ಹೀಟರ್ ಸೋರಿದರೆ ಎರಡೂ ವಾಲ್ವ್ ಮುಚ್ಚಿ, ರೇಡಿಯೇಟರ್ ತುಂಬಿಸಿ, ಗಾಡಿಯನ್ನು ಊರಿಗೆ ತರಬಹುದು. ಒಂದೇ ವಾಲ್ವ್ ಹಾಕಿದರೆ ಇನ್ನೊಂದು ಪೈಪಿನಿಂದ ಕೂಲೆಂಟ್ ಸೋರುತ್ತಲೇ ಇರುತ್ತದೆ.

ಹೀಟರಿನ ಜಾಗ

ಡ್ಯಾಶ್‌ಬೋರ್ಡ್ ಕೆಳಗೆ, ಕ್ಲೀನರ್ ಕೂರುವ ಬದಿಯಲ್ಲಿ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಆದ್ದರಿಂದ ಬಾಯಿ ಪಾದದ ಕಡೆ ಇರಲಿ. ಪೆಟ್ಟಿಗೆಯನ್ನು ಬರೀ ತಗಡಿಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ. ನಮ್ಮ ರಸ್ತೆಯ ಕುಲುಕಾಟಕ್ಕೆ ನಾಲ್ಕು ತಿಂಗಳಲ್ಲಿ ತಗಡು ಹರಿಯುತ್ತದೆ. ಹಿಂದೆ ಪಟ್ಟಿ ಕೊಟ್ಟು, ನಡುವೆ ರಬ್ಬರ್ ಇಟ್ಟು, ಬೋಲ್ಟ್ ಹಾಕಿ.

ಈಗ ಎತ್ತರದ ಮಾತು. ಕೂಲೆಂಟಿನ ದಾರಿಯಲ್ಲಿ ಎಲ್ಲಕ್ಕಿಂತ ಮೇಲಿರಬೇಕಾದದ್ದು ರೇಡಿಯೇಟರಿನ ಬಾಯಿ, ಇಲ್ಲವೇ ಕೂಲೆಂಟ್ ತುಂಬುವ ಡಬ್ಬಿ. ಗಾಳಿಗುಳ್ಳೆ ಯಾವಾಗಲೂ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಹೀಟರ್ ಎಲ್ಲಕ್ಕಿಂತ ಮೇಲಿದ್ದರೆ ಗಾಳಿ ಬಂದು ಅಲ್ಲೇ ಕೂರುತ್ತದೆ. ಮೂಗು ಉದ್ದ ಇರುವ ಹಳೆ ಗಾಡಿಗಳಲ್ಲಿ ರೇಡಿಯೇಟರ್ ಎತ್ತರವಾಗಿರುವುದರಿಂದ ಈ ತೊಂದರೆ ಕಡಿಮೆ. ಎಂಜಿನ್ನಿನ ಮೇಲೆಯೇ ಕ್ಯಾಬಿನ್ ಕೂತಿರುವ ಲಾರಿಗಳಲ್ಲಿ ಕ್ಯಾಬಿನ್ನಿನ ನೆಲವೇ ರೇಡಿಯೇಟರಿನ ತಲೆಗೆ ಸಮನಾಗಿರಬಹುದು. ಅಳೆಯುವುದು ಸುಲಭ: ಒಂದು ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗಾರೆ ಕೆಲಸದವರು ಮಟ್ಟ ನೋಡುವ ಹಾಗೆ ನೋಡಿ. ಹೀಟರ್ ಮೇಲೆ ಬರುತ್ತದೆ ಅಂತಾದರೆ, ಅದರ ಅತಿ ಎತ್ತರದ ಪೈಪಿನಲ್ಲಿ ಗಾಳಿ ಬಿಡುವ ಸ್ಕ್ರೂ ಇರುವ ಜೋಡಣೆ ಹಾಕಿಸಿ. ಕ್ಯಾಬಿನ್ ಹಿಂದೆ ಎತ್ತರದಲ್ಲಿ ಕೂಲೆಂಟ್ ಡಬ್ಬಿ ಇರುವ ಗಾಡಿಯಾದರೆ ಚಿಂತೆಯಿಲ್ಲ. ದೋಣಿಯವರು ತಲೆಕೆಡಿಸಿಕೊಳ್ಳುವುದೂ ಇದಕ್ಕೇ. ಅವರ ಎಂಜಿನ್ ನೆಲದ ಅಡಿಯಲ್ಲಿ, ಹೀಟರ್ ಅದರ ಮೇಲೆ.

ಹೀಟರ್ ಪೆಟ್ಟಿಗೆಯ ಎರಡು ಬಾಯಲ್ಲಿ ಕೆಳಗಿನದಕ್ಕೆ ಬಿಸಿ ಬರುವ ಪೈಪು, ಮೇಲಿನದಕ್ಕೆ ವಾಪಸ್ ಪೈಪು ಹಾಕಿ. ಹರಿವಿನ ಜೊತೆ ಗಾಳಿಯೂ ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ.

ಪೈಪು ಎಳೆಯುವುದು

ಸೈಲೆನ್ಸರ್ ಕೊಳವೆ, ಟರ್ಬೋ, ಫ್ಯಾನ್ ಬೆಲ್ಟ್ ಇವುಗಳಿಂದ ಪೈಪು ದೂರ ಇರಲಿ. ಎಂಜಿನ್ ಅಲುಗುತ್ತದೆ, ಕ್ಯಾಬಿನ್ ಬೇರೆಯಾಗಿ ಅಲುಗುತ್ತದೆ. ಎರಡರ ನಡುವೆ ಪೈಪಿಗೆ ಸ್ವಲ್ಪ ಸಡಿಲ ಬಿಡಿ. ಮುಂದಕ್ಕೆ ಬಾಗುವ ಕ್ಯಾಬಿನ್ ಆದರೆ ಅದನ್ನು ಪೂರ್ತಿ ಬಾಗಿಸಿ ನೋಡಿದ ಮೇಲೆಯೇ ಪೈಪು ಕತ್ತರಿಸಬೇಕು. ತಗಡಿನ ತೂತಿಗೆ ರಬ್ಬರ್ ಬುಷ್ ಇಲ್ಲದೆ ಪೈಪು ದಾಟಿಸಬೇಡಿ, ಹರಿತ ಅಂಚು ದಿನಾ ಒಂದಿಷ್ಟು ಕೊಯ್ಯುತ್ತಲೇ ಇರುತ್ತದೆ.

ಕ್ಯಾಬಿನ್ ಒಳಗೆ ಹೀಟರಿನ ಎರಡು ಬಾಯಿ ಬಿಟ್ಟು ಬೇರೆ ಯಾವ ಜಾಯಿಂಟೂ ಇರಬಾರದು. ಟಿ, ವಾಲ್ವ್, ಜೋಡಣೆ ಎಲ್ಲ ಹೊರಗೆ. ಒಳಗಿರುವ ಪೈಪಿನ ಮೇಲೆ ಇನ್ನೊಂದು ದಪ್ಪ ಪೈಪನ್ನು ಕವಚದಂತೆ ಹಾಕಿ. ಸೋರಿದರೂ ನೀರು ಕಾಲಿನ ಮೇಲೆ ಚಿಮ್ಮದೆ ಕೆಳಗೆ ಇಳಿಯಬೇಕು. ಹೊರಗಿನ ಪೈಪಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸುತ್ತಿದರೆ ದಾರಿಯಲ್ಲಿ ಬಿಸಿ ಸೋರುವುದು ಕಡಿಮೆಯಾಗುತ್ತದೆ. ಬಿಸಿ ತಡೆಯುವ ಫೋಮ್ ಆಗಿರಲಿ.

ವೈರಿಂಗ್

ಒಂದು ಬ್ಯಾಟರಿ ಇದ್ದರೆ 12 ವೋಲ್ಟ್. ಎರಡನ್ನು ಸಾಲಾಗಿ ಜೋಡಿಸಿದ್ದರೆ 24 ವೋಲ್ಟ್. ಫ್ಯಾನ್ ಅದಕ್ಕೆ ತಕ್ಕದ್ದು ಇರಬೇಕು. 24 ವೋಲ್ಟಿನ ಗಾಡಿಯಲ್ಲಿ 12 ವೋಲ್ಟಿನ ಫ್ಯಾನ್ ಓಡಿಸಲು ಒಂದೇ ಬ್ಯಾಟರಿಯಿಂದ ವೈರು ಎಳೆಯುವ ಅಭ್ಯಾಸವಿದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಯಾವಾಗಲೂ ಅರ್ಧ ಖಾಲಿ, ಇನ್ನೊಂದು ಮಿತಿಮೀರಿ ಚಾರ್ಜ್. ಎರಡೂ ಬೇಗ ಸಾಯುತ್ತವೆ.

ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಸಾಮಾನ್ಯ ಹೀಟರ್ ಫ್ಯಾನಿಗೆ 12 ವೋಲ್ಟಿನಲ್ಲಿ 15 ಆಂಪಿಯರ್, 24 ವೋಲ್ಟಿನಲ್ಲಿ 10 ಆಂಪಿಯರ್ ಸಾಕಾಗುತ್ತದೆ. ಫ್ಯಾನಿನ ಮೇಲೆ ಬರೆದಿರುವ ಲೆಕ್ಕವನ್ನೂ ನೋಡಿಕೊಳ್ಳಿ. ಫ್ಯೂಸ್ ಸುಟ್ಟರೆ ತಂತಿ ಸುತ್ತಿ ಕೆಲಸ ನಡೆಸಬೇಡಿ. ರಿಲೇಯನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿಗೆ ಜೋಡಿಸಿ. ಇಲ್ಲವಾದರೆ ಫ್ಯಾನ್ ಆಫ್ ಮಾಡಲು ಮರೆತ ದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಗಾಡಿಯ ಸೆನ್ಸರ್ ವೈರುಗಳಿಗೆ ಕೈ ಹಾಕಬೇಡಿ.

ಕೂಲೆಂಟ್ ತುಂಬುವುದು, ಗಾಳಿ ತೆಗೆಯುವುದು

ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಅದು ಸೊನ್ನೆಗಿಂತ ಕೆಳಗೆ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಕಾಶ್ಮೀರಕ್ಕೆ ಸೇಬಿನ ಲೋಡಿಗೆ ಹೋಗುವವರಿಗೆ ಇದು ಪ್ರಾಣ ಉಳಿಸುವ ವಿಷಯ. ಬರೀ ನೀರು ಇದ್ದರೆ ಹೆಪ್ಪುಗಟ್ಟಿ ಹಿಗ್ಗಿ ಬ್ಲಾಕನ್ನೇ ಸೀಳಬಹುದು. ಬೆರೆಸಿಯೇ ಮಾರುವ ಕೂಲೆಂಟ್ ಕೊಂಡಿದ್ದರೆ ಮತ್ತೆ ನೀರು ಹಾಕಬೇಡಿ. ಬಣ್ಣ ನೋಡಿ ಒಂದೇ ಜಾತಿ ಅಂದುಕೊಳ್ಳಬೇಡಿ, ಹಸಿರೆಲ್ಲ ಒಂದೇ ಅಲ್ಲ. ಗಾಡಿಯ ಪುಸ್ತಕದಲ್ಲಿ ಬರೆದ ಜಾತಿಯದನ್ನೇ ತನ್ನಿ, ಬೇರೆ ಬೇರೆ ಬೆರೆಸಬೇಡಿ. ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಮಕ್ಕಳು ನೆಕ್ಕಿದರೆ ಪ್ರಾಣಕ್ಕೆ ಅಪಾಯ. ಚೆಲ್ಲಿದ್ದನ್ನು ಆಗಲೇ ತೊಳೆದು ಒರೆಸಿ, ಹಳೆಯದನ್ನು ಮುಚ್ಚಳದ ಕ್ಯಾನಿನಲ್ಲಿ ತುಂಬಿಡಿ. ಚರಂಡಿಗೆ, ಕೆರೆ ಕಡೆಗೆ ಸುರಿಯಬೇಡಿ.

ತುಂಬುವಾಗ ಗಾಡಿಯ ಮುಖ ಏರಿನ ಕಡೆ ಇರಲಿ. ಕೋಟೆಯ ಊರಿನಲ್ಲಿ ಏರಿಗೆ ಬರವಿಲ್ಲ. ಎರಡೂ ಬಾಲ್ ವಾಲ್ವ್ ತೆರೆದಿಡಿ. ಸ್ಟಾರ್ಟ್ ಮಾಡುವ ಮೊದಲೇ ಹೀಟರಿನ ವಾಪಸ್ ಪೈಪನ್ನು ಮೇಲಿನ ಬಾಯಿಂದ ಕಳಚಿ, ಆ ಪೈಪನ್ನು ಎತ್ತಿಹಿಡಿದು ಆಲಿಕೆಯಿಂದ ಕೂಲೆಂಟ್ ಸುರಿಯಿರಿ. ಹೀಟರಿನ ಬಾಯಲ್ಲೂ ಕೂಲೆಂಟ್ ಕಾಣಿಸಿದ ಮೇಲೆ ಮತ್ತೆ ಜೋಡಿಸಿ ಕ್ಲಾಂಪ್ ಬಿಗಿ ಮಾಡಿ. ಇಷ್ಟು ಮಾಡಿದರೆ ಏರ್ ಲಾಕಿನ, ಅಂದರೆ ಗಾಳಿ ಸಿಕ್ಕಿ ಹರಿವು ನಿಲ್ಲುವುದರ, ಮುಕ್ಕಾಲು ತಲೆನೋವು ಹೋಗುತ್ತದೆ. ಆಮೇಲೆ ರೇಡಿಯೇಟರಿಗೆ ನಿಧಾನವಾಗಿ ತುಂಬಿ. ಅವಸರದಲ್ಲಿ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಕ್ಯಾಪ್ ತೆರೆದೇ ಎಂಜಿನ್ ಸ್ಟಾರ್ಟ್ ಮಾಡಿ. ಮುಖ ಬಾಯಿಗೆ ಹತ್ತಿರ ತರಬೇಡಿ. ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಗುಳ್ಳೆ ನಿಂತು ಮಟ್ಟ ಸ್ಥಿರವಾದ ಮೇಲೆ ಕ್ಯಾಪ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಬಿಸಿ ಏರಲು ಬಿಡಿ. ಗಾಳಿ ಬಿಡುವ ಸ್ಕ್ರೂ ಹಾಕಿದ್ದರೆ ಎಂಜಿನ್ ಇನ್ನೂ ಉಗುರುಬೆಚ್ಚಗಿರುವಾಗಲೇ ಒಂದು ಸುತ್ತು ಸಡಿಲಿಸಿ, ಬುಸ್ ಅನ್ನುವುದು ನಿಂತು ಕೂಲೆಂಟ್ ಬಂದ ಕೂಡಲೇ ಬಿಗಿ ಮಾಡಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟ ಮತ್ತೊಮ್ಮೆ ನೋಡಿ. ಮೊದಲ ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ. ಕ್ಲಾಂಪುಗಳನ್ನೂ ಆಗಲೇ ಒಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಬಿಸಿಗೆ ಕೂತು ಸಡಿಲವಾಗಿರುತ್ತದೆ.

ಕೈ ಇಟ್ಟು ಪರೀಕ್ಷೆ

ಗಾಡಿಯನ್ನು ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ. ನಿಲ್ಲಿಸಿ, ಹೀಟರಿನ ಎರಡು ಪೈಪನ್ನೂ ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ ನೋಡಿ. ಎರಡೂ ಬಿಸಿ, ವಾಪಸ್ ಪೈಪು ಒಂದು ಚೂರು ಕಡಿಮೆ ಅಂದರೆ ಎಲ್ಲ ಸರಿಯಿದೆ. ಬರುವ ಪೈಪು ಸುಡುತ್ತಿದ್ದು ಹೋಗುವ ಪೈಪು ತಣ್ಣಗಿದ್ದರೆ ಗಾಳಿ ಸಿಕ್ಕಿದೆ, ಇಲ್ಲವೇ ಒಳಗೆ ಕಟ್ಟಿದೆ. ನೀರು ಸುಳಿದಾಡಿದ ಹಾಗೆ ಗುಳುಗುಳು ಸದ್ದು ಬಂದರೆ ಗಾಳಿಯೇ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ಕಡೆ ನೋಡಿ. ಎರಡೂ ಸುಡುತ್ತಿದ್ದು ಬಿಸಿಗಾಳಿ ಮಾತ್ರ ಸಾಕಷ್ಟು ಬರದಿದ್ದರೆ ಫ್ಯಾನ್ ನಿಧಾನವಾಗಿದೆ ಅಥವಾ ಹೀಟರಿನ ರೆಕ್ಕೆಗಳಿಗೆ ಧೂಳು ಮೆತ್ತಿದೆ. ಮೆಕ್ಕೆಜೋಳದ ಲೋಡು ಹೊಡೆಯುವ ಗಾಡಿಗಳಲ್ಲಿ ಆ ಹೊಟ್ಟು ಧೂಳು ಎಲ್ಲಿಗಾದರೂ ನುಗ್ಗುತ್ತದೆ.

ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಪದರ ಕಂಡರೆ ಹೀಟರ್ ಸೋರುತ್ತಿದೆ. ಆ ಕ್ಷಣವೇ ಎರಡೂ ವಾಲ್ವ್ ಮುಚ್ಚಿ.

ಗಾಜು ಮತ್ತು ಹೊರಗಿನ ಗಾಳಿ

ಇಬ್ಬರ ಉಸಿರಿನ ತೇವವೇ ಚಳಿಯಲ್ಲಿ ಗಾಜನ್ನು ಮಸುಕು ಮಾಡುತ್ತದೆ. ಕ್ಯಾಬಿನ್ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಸಿ ಮಾಡಿದರೆ ತೇವ ಒಳಗೇ ಉಳಿಯುತ್ತದೆ. ಆದ್ದರಿಂದ ಫ್ಯಾನ್ ಸ್ವಲ್ಪವಾದರೂ ಹೊರಗಿನ ಗಾಳಿ ಎಳೆಯುವಂತೆ ಮಾಡಿ. ಹೊರಗಿನ ತಣ್ಣನೆ ಗಾಳಿ ಬಿಸಿಯಾದಾಗ ಒಣಗಾಳಿಯಾಗುತ್ತದೆ, ಗಾಜಿನ ತೇವ ಹೀರಿಕೊಳ್ಳುತ್ತದೆ. ಹೀಟರಿನಿಂದ ಮಡಿಕೆಯ ಪೈಪು ಎಳೆದು ಗಾಜಿನ ಬುಡಕ್ಕೆ ಒಂದು ಬಾಯಿ ಕೊಡಿ. ಮಂಜಿನ ರಾತ್ರಿ ಕಾಲಿಗಿಂತ ಕಣ್ಣಿಗೆ ಈ ಬಿಸಿ ಜಾಸ್ತಿ ಬೇಕು. ಗಾಳಿ ಎಳೆಯುವ ಬಾಯಿ ಎಂಜಿನ್ ಗೂಡಿನ ಒಳಗೆ ಇರಬಾರದು. ಅಲ್ಲಿ ಹೊಗೆ ಸೋರಿದರೆ ನೇರ ನಿಮ್ಮ ಮೂಗಿಗೆ ಬರುತ್ತದೆ. ಪೆಡಲ್, ಗೇರ್ ಲಿವರ್ ಸುತ್ತಲಿನ ಸಂದಿಗಳನ್ನು ರಬ್ಬರ್ ಹಾಕಿ ಮುಚ್ಚಿ. ಚಳಿಯೂ ಹೊಗೆಯೂ ಒಟ್ಟಿಗೆ ನಿಲ್ಲುತ್ತವೆ.

ನಿಲ್ಲಿಸಿ ಮಲಗುವಾಗ

ಈ ಹೀಟರ್ ಓಡುವ ಗಾಡಿಗೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಬಿಸಿಯೂ ನಿಲ್ಲುತ್ತದೆ. ಸಣ್ಣ ಎಲೆಕ್ಟ್ರಿಕ್ ಪಂಪು ಹಾಕಿಸಿದರೆ ಎಂಜಿನ್ನಿನಲ್ಲಿ ಉಳಿದ ಬಿಸಿಯನ್ನು ಸ್ವಲ್ಪ ಹೊತ್ತು ಎಳೆಯಬಹುದು, ಬ್ಯಾಟರಿ ನೋಡಿಕೊಂಡು. ಮಲಗುವ ಅರ್ಧ ಗಂಟೆ ಮೊದಲು ಕ್ಯಾಬಿನ್ನನ್ನು ಚೆನ್ನಾಗಿ ಬಿಸಿ ಮಾಡಿ, ಫ್ಯಾನ್ ಆಫ್ ಮಾಡಿ, ದಪ್ಪ ಕಂಬಳಿ ಹೊದ್ದು ಮಲಗಿ. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿಗೆ ಸಮನಾದದ್ದು ನನಗೆ ಉತ್ತರದಲ್ಲೂ ಸಿಕ್ಕಿಲ್ಲ.

ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಗಂಟೆಗೆ ಒಂದೆರಡು ಲೀಟರ್ ಡೀಸೆಲ್ ಸುಮ್ನೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಂತ ಗಾಡಿಯ ಸೈಲೆನ್ಸರ್ ಎಲ್ಲಾದರೂ ತೂತಾಗಿದ್ದರೆ ಹೊಗೆ ಕ್ಯಾಬಿನ್ ಅಡಿಯಲ್ಲೇ ಸುತ್ತಿ ಒಳಗೆ ಬರುತ್ತದೆ. ಪಕ್ಕದ ಲಾರಿಯ ಹೊಗೆಯೂ ಬರಬಹುದು. ತಲೆನೋವು, ವಾಕರಿಕೆ, ಕೈಕಾಲು ಸೋಲುವುದು ಕಂಡರೆ ನಿದ್ದೆಗೇಡು ಅಂತ ತಿಳಿಯದೆ ತಕ್ಷಣ ಬಾಗಿಲು ತೆಗೆದು ಹೊರಗೆ ಬನ್ನಿ. ಜೊತೆಗಿರುವವನನ್ನೂ ಎಳೆದು ತನ್ನಿ, ಆಮೇಲೆ ಆಸ್ಪತ್ರೆಗೆ.

ಬೇಸಿಗೆ ಬಂದಾಗ

ಮಾರ್ಚಿನಲ್ಲಿ ಎರಡೂ ಬಾಲ್ ವಾಲ್ವ್ ಮುಚ್ಚಿ. 40 ಡಿಗ್ರಿ ಬಿಸಿಲಲ್ಲಿ ಕಾಲ ಬುಡದಲ್ಲಿ ಬಿಸಿ ಪೆಟ್ಟಿಗೆ ಯಾರಿಗೆ ಬೇಕು? ತಿಂಗಳಿಗೊಮ್ಮೆ ಐದು ನಿಮಿಷ ತೆರೆದು ಹರಿಯಲು ಬಿಡಿ, ವಾಲ್ವ್ ಹಿಡಿದುಕೊಳ್ಳುವುದಿಲ್ಲ, ಕೆಸರೂ ಕೂರುವುದಿಲ್ಲ. ಲೋಡ್ ಗಾಡಿ ಏರಿನಲ್ಲಿ ಮಿತಿಮೀರಿ ಕಾಯುತ್ತಿದ್ದರೆ ಹೀಟರ್ ತೆರೆದು ಫ್ಯಾನ್ ಜೋರು ಮಾಡಿ. ಕ್ಯಾಬಿನ್ನಿನಲ್ಲಿ ಬೆವರು ಸುರಿದರೂ ಎಂಜಿನ್ನಿನ ಬಿಸಿ ಸ್ವಲ್ಪ ಇಳಿದು ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ.

ಕೂಲೆಂಟನ್ನು ಡಬ್ಬಿಯ ಮೇಲೆ ಬರೆದ ಅವಧಿಗೆ ಬದಲಿಸಿ. ವರ್ಷಕ್ಕೊಮ್ಮೆ, ದಸರಾ ಆಯುಧಪೂಜೆಗೆ ಗಾಡಿ ತೊಳೆಯುವ ದಿನ, ಪೈಪುಗಳನ್ನು ಉದ್ದಕ್ಕೂ ಹಿಸುಕಿ ನೋಡಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಹಿಸುಕಿದಾಗ ಒಳಗೆ ಕರಕರ ಅಂದರೆ ಬದಲಿಸಿ. ಚಳಿಯ ಲೋಡು ಶುರುವಾಗಲು ಆಗ ಇನ್ನೂ ಒಂದೆರಡು ತಿಂಗಳು ಇರುತ್ತದೆ.